ಹಳೆ ಜಿಪ್ಸಿಗೆ ಎಸಿ ಕೂರಿಸೋದು: ಬಾಡಿ ಬಿಗಿ ಮಾಡೋದ್ರಿಂದ ಗ್ಯಾಸ್ ತುಂಬೋವರೆಗೆ

ನಮ್ಮನೇಲಿರೋದು 2004ರ ಮಾರುತಿ ಜಿಪ್ಸಿ ಕಿಂಗ್, ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರೋದು), ಹಾರ್ಡ್ ಟಾಪ್. ಸಕಲೇಶಪುರದ ಕಡೆ ತೋಟದ ರಸ್ತೆಗೆ ಇದಕ್ಕಿಂತ ಒಳ್ಳೆ ಗಾಡಿ ನನಗೆ ಗೊತ್ತಿಲ್ಲ. ಆದ್ರೆ ಅಕ್ಕನ್ನ ಕೊಟ್ಟಿರೋದು ರಾಯಚೂರಿಗೆ, ಏಪ್ರಿಲ್ ಮೇ ತಿಂಗಳಲ್ಲಿ ಅಮ್ಮನ್ನ ಕೂರಿಸ್ಕೊಂಡು ಅಲ್ಲಿಗೆ ಹೊರಟ್ರೆ ಚಳ್ಳಕೆರೆ ದಾಟ್ತಿದ್ದ ಹಾಗೆ ಕಿಟಕಿ ತೆಗೆದ್ರೆ ಬೆಂಕಿ ಗಾಳಿ, ಮುಚ್ಚಿದ್ರೆ ಒಲೆ ಒಳಗೆ ಕೂತ ಹಾಗೆ. 1985ರಿಂದ ಬಂದ ಜಿಪ್ಸಿಗೆ ಕಂಪನಿ ಫಿಟ್ಟಿಂಗ್ ಎಸಿ ಅಂತ ಬರ್ಲಿಲ್ಲ, ಹಾಗಾಗಿ ನಾವೇ ಕೂರಿಸ್ಬೇಕು. ಕೂರಿಸಿ ಈಗ ನಾಲ್ಕು ಬೇಸಿಗೆ ಆಯ್ತು, ಮೊದಲ ಸಲ ತಪ್ಪಾಗಿ, ಎರಡನೇ ಸಲ ಸರಿಯಾಗಿ. ಅದನ್ನೇ ಇಲ್ಲಿ ಬಿಡಿಸಿ ಬರೀತಿದೀನಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಎಸಿ ಅನ್ನೋದು ತಂಪು ತಯಾರು ಮಾಡೋ ಮಷೀನ್ ಅಲ್ಲ, ಒಳಗಿನ ಬಿಸಿ ಹೊತ್ಕೊಂಡು ಹೋಗಿ ಹೊರಗೆ ಹಾಕೋ ಮಷೀನ್. ಇಂಜಿನ್ ತಿರುಗಿಸೋ ಕಂಪ್ರೆಸರ್ ಗ್ಯಾಸನ್ನ ಒತ್ತಿ ತಳ್ಳುತ್ತೆ, ಗ್ರಿಲ್ ಹಿಂದಿನ ಕಂಡೆನ್ಸರಲ್ಲಿ ಅದು ಬಿಸಿ ಬಿಟ್ಟು ದ್ರವ ಆಗುತ್ತೆ, ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ತೂತು ದಾಟಿ ಗಾಡಿ ಒಳಗಿನ ಕೂಲಿಂಗ್ ಕಾಯಿಲಲ್ಲಿ ಆವಿಯಾಗಿ ಬಿಸಿ ಹೀರುತ್ತೆ, ಮತ್ತೆ ಕಂಪ್ರೆಸರಿಗೆ ವಾಪಸ್. ಮನೆ ರೂಮಿಗೆ ಹಾಕೋ 1 ಟನ್ ಎಸಿ ಅಂದ್ರೆ ಸುಮಾರು 3.5 ಕಿಲೋವ್ಯಾಟ್, ಸಣ್ಣ ಕಾರಿನ ಎಸಿನೂ ಹೆಚ್ಚುಕಮ್ಮಿ ಅಷ್ಟೇ. ಇಷ್ಟು ಚಿಕ್ಕ ಡಬ್ಬಕ್ಕೆ ಅಷ್ಟು ಶಕ್ತಿ ಯಾಕೆ ಬೇಕು ಅಂದ್ರೆ ಡಬ್ಬದ ಎಲ್ಲಾ ಕಡೆಯಿಂದ ಬಿಸಿ ಒಳಗೆ ಬರ್ತಾನೇ ಇರುತ್ತೆ. ಹಳೆ ಜೀಪಲ್ಲಿ ಎಸಿ ಸೋಲೋದು ಬಹಳ ಸಲ ಕಂಪ್ರೆಸರ್ ಸಣ್ಣದಾಗಿದ್ದಕ್ಕಲ್ಲ, ಬರೋ ಬಿಸಿ ತಡೀಲಿಲ್ಲ, ಹೋಗೋ ಬಿಸಿಗೆ ಮುಂದೆ ದಾರಿ ಕೊಡ್ಲಿಲ್ಲ ಅಂತ. ಆದ್ದರಿಂದ ಕೆಲಸದ ಕ್ರಮ ಇದು: ಮೊದಲು ಬಾಡಿ, ಆಮೇಲೆ ರೇಡಿಯೇಟರ್ ಮತ್ತೆ ಕರೆಂಟು, ಆಮೇಲೆ ಎಸಿ ಸಾಮಾನು, ಕೊನೆಗೆ ಗ್ಯಾಸ್.

ಬಾಡಿ ಬಿಗಿ ಮಾಡೋದು

ಒಂದು ಭಾನುವಾರ ಇದಕ್ಕೇ ಇಡಿ. ಸೀಟು ಎಲ್ಲಾ ಬಿಚ್ಚಿ, ಮ್ಯಾಟ್ ತೆಗೀರಿ. ಕತ್ತಲಾದ್ಮೇಲೆ ಗಾಡಿ ಕೆಳಗೆ ಟಾರ್ಚ್ ಇಟ್ಟು ಒಳಗಿಂದ ನೋಡಿ, ಎಲ್ಲೆಲ್ಲಿ ಬೆಳಕು ಕಾಣುತ್ತೋ ಅಲ್ಲೆಲ್ಲಾ ಬಿಸಿಗಾಳಿ ಬರೋ ದಾರಿ. ನಮ್ಮ ಗಾಡಿಲಿ ಕ್ಲಚ್ ಪೆಡಲ್ ಹತ್ರ, ಹಳೆ ವೈರಿಂಗ್ ಹೋಗಿದ್ದ ಎರಡು ತೂತು, ಆಮೇಲೆ ಎರಡೂ ಲಿವರ್ ಬುಡದಲ್ಲಿ ಬೆಳಕು ಕಂಡಿತು. ಜಿಪ್ಸಿಲಿ ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿಗೆ ಅಂಟ್ಕೊಂಡಿರಲ್ಲ, ಬೇರೆಯಾಗಿ ನಮ್ಮ ಕಾಲಡಿನೇ ಕೂತಿರುತ್ತೆ, ಮಧ್ಯೆ ಒಂದು ಚಿಕ್ಕ ಪ್ರೊಪೆಲ್ಲರ್ ಶಾಫ್ಟ್. ಗೇರ್ ಲಿವರ್ ಬೂಟು, ಫೋರ್ ವೀಲ್ ಲಿವರ್ ಬೂಟು ಎರಡೂ ಹರಿದಿದ್ರೆ ಇಂಜಿನ್ ಗೇರ್ ಬಾಕ್ಸ್ ಬಿಸಿ ಎಲ್ಲಾ ನೇರ ಒಳಗೆ ಬರುತ್ತೆ. ಮೊದಲು ಆ ಎರಡು ರಬ್ಬರ್ ಬೂಟು ಹೊಸದು ಹಾಕಿ.

ಬಾಗಿಲಿನ ಬೀಡಿಂಗ್ ಗಟ್ಟಿಯಾಗಿ ಕಲ್ಲಾಗಿದ್ರೆ ಬದಲಾಯಿಸಿ. ಎಲ್ಲಾ ಮುಚ್ಚಿ, ಬ್ಲೋವರ್ ಜೋರಾಗಿ ಹಾಕಿ, ಊದುಬತ್ತಿ ಹಚ್ಕೊಂಡು ಬಾಗಿಲಿನ ಅಂಚು, ಹಿಂದಿನ ಬಾಗಿಲು, ಟಾಪ್ ಮತ್ತೆ ಬಾಡಿ ಸೇರೋ ಜಾಗದಲ್ಲಿ ನಿಧಾನಕ್ಕೆ ಓಡಿಸಿ, ಹೊಗೆ ಎಲ್ಲಿ ಅಲ್ಲಾಡುತ್ತೋ ಅಲ್ಲಿ ಸಂದು ಇದೆ. ಸೀಟಿನ ಬಟ್ಟೆಗೆ ಕಿಡಿ ಬೀಳದ ಹಾಗೆ ನೋಡ್ಕೊಳ್ಳಿ. ಎಷ್ಟೋ ಸಲ ಬೀಡಿಂಗ್ ಸರಿ ಇರುತ್ತೆ, ಬಾಗಿಲು ಹಿಂಜಿನಲ್ಲಿ ಇಳಿಬಿದ್ದಿರುತ್ತೆ, ಟಿಂಕರಿಂಗ್ ಅವರ ಹತ್ರ ಅರ್ಧ ಗಂಟೆ ಕೆಲಸ.

ಸಂದು ಮುಚ್ಚಿದ್ಮೇಲೆ ಶೀಟು. ಫೈರ್‌ವಾಲ್ (ಇಂಜಿನ್ನಿಗೂ ನಮಗೂ ಮಧ್ಯೆ ಇರೋ ತಗಡು), ಫ್ಲೋರು, ಗೇರ್ ಬಾಕ್ಸ್ ಮೇಲಿನ ಸುರಂಗದಂಥ ಉಬ್ಬು, ರೂಫ್ ಒಳಭಾಗ. ತಗಡಿಗೆ ಮೊದಲು ಬ್ಯೂಟೈಲ್-ಅಲ್ಯೂಮಿನಿಯಂ ಡ್ಯಾಂಪಿಂಗ್ ಶೀಟು, ಅದರ ಮೇಲೆ ನೀರು ಹೀರದ ಫೋಮ್. ಡ್ಯಾಂಪಿಂಗ್ ಶೀಟು ಒಂದೇ ಹಾಕಿ ಬಿಸಿ ನಿಂತುಹೋಗುತ್ತೆ ಅಂದ್ಕೋಬೇಡಿ, ಅದು ಮುಖ್ಯವಾಗಿ ತಗಡಿನ ಸದ್ದು ಕಮ್ಮಿ ಮಾಡೋಕೆ, ಬಿಸಿ ತಡೆಯೋದು ಮೇಲಿನ ಫೋಮ್. ನೀರು ಹೀರೋ ಸ್ಪಂಜು, ಹಳೆ ಕಾರ್ಪೆಟ್ ಅಡಿ ಹಾಕೋ ಹತ್ತಿ ತರದ್ದು ಮಾತ್ರ ಬೇಡವೇ ಬೇಡ, ಮಲೆನಾಡಿನ ಒಂದು ಮಳೆಗಾಲಕ್ಕೆ ಅದರಡಿ ಫ್ಲೋರು ತುಕ್ಕು ಹಿಡಿದು ಅಕ್ಕಿ ಜರಡಿ ಆಗುತ್ತೆ. ಫ್ಲೋರಿನ ನೀರು ಹೋಗೋ ರಬ್ಬರ್ ಪ್ಲಗ್ ಮೇಲೆ ಶೀಟು ಅಂಟಿಸ್ಬೇಡಿ.

ರೂಫ್ ಬಗ್ಗೆ ಜಿಪುಣತನ ಬೇಡ, ಮಧ್ಯಾಹ್ನ ಬಿಸಿಲು ಪೂರ್ತಿ ಬೀಳೋದು ಅಲ್ಲೇ. ನಾವು ಮೇಲೆ ಬಿಳಿ ಬಣ್ಣ ಹೊಡೆಸಿದ್ವಿ, ಒಳಗೆ 10 ಮಿಲಿಮೀಟರ್ ಫೋಮ್ ಹಾಕಿ ಅದರ ಮೇಲೆ ಲೈನಿಂಗ್. ಬರೀ ಇಷ್ಟಕ್ಕೇ, ಎಸಿ ಇನ್ನೂ ಹಾಕಿರ್ಲಿಲ್ಲ, ಅಮ್ಮ ತಲೆ ಮೇಲಿನ ರೂಫಿಗೆ ಕೈ ಇಟ್ಟು "ಈಗ ಮಾಡು ಸುಡ್ತಿಲ್ವಲ್ಲೋ" ಅಂದ್ರು. ಗಾಜಿಗೆ ಕಪ್ಪು ಹಾಕ್ಸೋರು ನೆನಪಿಡಿ, ಮುಂದೆ ಹಿಂದೆ ಗಾಜಲ್ಲಿ ಕನಿಷ್ಠ 70%, ಪಕ್ಕದ ಗಾಜಲ್ಲಿ 50% ಬೆಳಕು ಹಾಯಬೇಕು ಅಂತ ನಿಯಮ ಇದೆ.

ಸಾಫ್ಟ್ ಟಾಪ್ ಇದ್ರೆ? ಒಂದೇ ಪದರದ ರೆಕ್ಸಿನ್ ಹುಡ್ ಇಟ್ಕೊಂಡು ಎಸಿ ಹಾಕಿಸೋದು ದುಡ್ಡು ಗಾಳಿಗೆ ತೂರಿದ ಹಾಗೆ. ಒಳಗೆ ಫೋಮ್ ಇಟ್ಟು ಎರಡು ಪದರ ಹೊಲಿಸಿ, ಪಕ್ಕದ್ದು ಜಿಪ್ ಬದಲು ಗಟ್ಟಿ ಬಾಗಿಲು ಮಾಡಿಸಿ, ಆಗ ಯೋಚನೆ ಮಾಡಿ.

ರೇಡಿಯೇಟರ್ ಮತ್ತೆ ಕರೆಂಟಿನ ಲೆಕ್ಕ

ಕಂಡೆನ್ಸರ್ ಹಾಕಿದ್ಮೇಲೆ ರೇಡಿಯೇಟರ್‌ಗೆ ಬರೋದು ಆಗಲೇ ಬಿಸಿಯಾದ ಗಾಳಿ, ಜೊತೆಗೆ ಇಂಜಿನ್ ಮೇಲೆ ಕಂಪ್ರೆಸರ್ ಲೋಡು. ಈಗಲೇ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗ್ತಿದ್ರೆ ಎಸಿ ಹಾಕಿದ್ಮೇಲೆ ಕುದಿಯುತ್ತೆ, ಇದರಲ್ಲಿ ಅನುಮಾನನೇ ಇಲ್ಲ. ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿಸಿ, ಥರ್ಮೋಸ್ಟಾಟ್ ವಾಲ್ವ್ ಮತ್ತೆ ಕ್ಯಾಪ್ ಹೊಸದು ಹಾಕಿ, ಫ್ಯಾನ್ ಸುತ್ತ ಇರೋ ಪ್ಲಾಸ್ಟಿಕ್ ಶ್ರೌಡ್ ಯಾರಾದ್ರೂ ಕಿತ್ತು ಬಿಸಾಕಿದ್ರೆ ಹುಡುಕಿ ಹಾಕಿ. ಶ್ರೌಡ್ ಇಲ್ದೆ ಫ್ಯಾನ್ ತಿರುಗಿದ್ರೆ ಅದು ಇಂಜಿನ್ ಹತ್ರದ ಬಿಸಿಗಾಳಿನೇ ಮತ್ತೆ ಮತ್ತೆ ಸುತ್ತಿಸ್ತಿರುತ್ತೆ.

ಕರೆಂಟಿಗೆ ಪೇಪರ್ ತಗೊಂಡು ಲೆಕ್ಕ ಹಾಕಿ. ಕಂಪ್ರೆಸರ್ ಕ್ಲಚ್ (ಎಸಿ ಆನ್ ಮಾಡಿದಾಗ ಕಂಪ್ರೆಸರನ್ನ ಅದರ ಪುಲ್ಲಿಗೆ ಕಚ್ಚಿಸೋ ಕರೆಂಟಿನ ಕ್ಲಚ್) ಸುಮಾರು 4 ಆಂಪ್, ಕಂಡೆನ್ಸರ್ ಫ್ಯಾನ್ 10, ಒಳಗಿನ ಬ್ಲೋವರ್ ಫುಲ್ ಸ್ಪೀಡಲ್ಲಿ 12, ಹೆಡ್‌ಲೈಟ್ ಎರಡೂ ಸೇರಿ 10, ವೈಪರ್ 4-5, ಇಂಜಿನ್ನಿಗೆ ಪಂಪು ಇಗ್ನಿಷನ್ ಎಲ್ಲಾ ಸೇರಿ ಇನ್ನೊಂದು 10. ಅಲ್ಲಿಗೆ 50 ಆಯ್ತು. ಮಳೆ ಬರ್ತಿರೋ ರಾತ್ರಿ ಘಾಟಿಲಿ ಇದೆಲ್ಲಾ ಒಟ್ಟಿಗೇ ಓಡುತ್ತೆ, ಅದೂ ಇಂಜಿನ್ ನಿಧಾನಕ್ಕಿರುವಾಗ ಆಲ್ಟರ್ನೇಟರ್ ತನ್ನ ಪೂರ್ತಿ ಕರೆಂಟು ಕೊಡಲ್ಲ. ನಿಮ್ಮ ಆಲ್ಟರ್ನೇಟರ್ ಪ್ಲೇಟ್ ಮೇಲೆ ಬರ್ದಿರೋ ಆಂಪ್ ಓದಿ, 65-70ಕ್ಕಿಂತ ಕಮ್ಮಿ ಇದ್ರೆ ದೊಡ್ಡದು ಹಾಕ್ಕೊಳ್ಳಿ, ಬ್ಯಾಟರಿಗೆ ಹೋಗೋ ವೈರೂ ದಪ್ಪ ಮಾಡಿ.

ಕಂಪ್ರೆಸರ್

ಎಂಪಿಎಫ್ಐ ಜಿಪ್ಸಿಯ 1.3 ಲೀಟರ್ 16 ವಾಲ್ವ್ ಇಂಜಿನ್ನು ಮಾರುತಿಯ ಎಸ್ಟೀಮ್ ಮತ್ತೆ ವರ್ಸಾ ಗಾಡಿಲೂ ಬಂದಿತ್ತು, ಅವಕ್ಕೆ ಕಂಪನಿಯಿಂದಲೇ ಎಸಿ ಇತ್ತು. ಇದು ನಮಗೆ ದೊಡ್ಡ ಅನುಕೂಲ. ಗುಜರಿಲಿ ಎಸಿ ಇದ್ದ ಎಸ್ಟೀಮ್ ಒಂದು ಸಿಕ್ಕಿದ್ರೆ ಕಂಪ್ರೆಸರ್ ಬ್ರಾಕೆಟ್, ಅದರ ಬೋಲ್ಟುಗಳು, ಬೆಲ್ಟ್ ಬಿಗಿ ಮಾಡೋ ಐಡ್ಲರ್, ಎಸಿ ಬೆಲ್ಟಿಗೂ ಜಾಗ ಇರೋ ಕ್ರ್ಯಾಂಕ್ ಪುಲ್ಲಿ, ಇಷ್ಟನ್ನೂ ಒಂದೇ ಗಾಡಿಯಿಂದ ಬಿಚ್ಚಿಸ್ಕೊಳ್ಳಿ. ಒಂದೊಂದು ಒಂದೊಂದು ಕಡೆ ತಂದ್ರೆ ಪುಲ್ಲಿ ಲೈನಿಗೆ ಬರಲ್ಲ. ಬೆಂಗಳೂರಲ್ಲಿ ಜೆಸಿ ರೋಡ್ ಕಡೆ ಒಂದು ದಿನ ಓಡಾಡಿದ್ರೆ ಹೊಸ ಸಾಮಾನಿನ ಬಹುಪಾಲು ಸಿಗುತ್ತೆ.

ಆದ್ರೆ ಎಸ್ಟೀಮ್‌ನಲ್ಲಿ ಇಂಜಿನ್ ಅಡ್ಡ ಕೂತಿರುತ್ತೆ, ಜಿಪ್ಸಿಲಿ ಉದ್ದ. ಬ್ರಾಕೆಟ್ ಬ್ಲಾಕಿಗೆ ಕೂತ್ರೂ ಕಂಪ್ರೆಸರ್ ಮೈ ಚಾಸಿಸ್ಸಿಗೋ ಸ್ಟೀರಿಂಗ್ ರಾಡಿಗೋ ತಾಗುತ್ತಾ, ಪೈಪ್ ಬಾಯಿ ಎಲ್ಲಿಗೆ ಬರುತ್ತೆ ಅಂತ ಖಾಲಿ ಕಂಪ್ರೆಸರ್ ಇಟ್ಟು ನೋಡ್ಬೇಕು. ನೋಡುವಾಗ ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲ್ಲಾಡುತ್ತೆ ಅನ್ನೋದು ಲೆಕ್ಕಕ್ಕಿರ್ಲಿ, ಸುತ್ತಲೂ ಕನಿಷ್ಠ ಎರಡು ಬೆರಳು ಜಾಗ ಬಿಡಿ.

ಕಾರ್ಬ್ಯುರೇಟರ್ ಜಿಪ್ಸಿ ಅಥವಾ ಮಹೀಂದ್ರ ಜೀಪಿಗೆ ಬಹಳ ಜನ ಸ್ಯಾಂಡೆನ್ 508 ಹಾಕ್ತಾರೆ. 5 ಅಂದ್ರೆ ಐದು ಸಿಲಿಂಡರ್, 08 ಅಂದ್ರೆ ಸುಮಾರು 8 ಘನ ಇಂಚು, ಸರಿಯಾಗಿ ಹೇಳೋದಾದ್ರೆ 8.4, ನಮ್ಮ ಲೆಕ್ಕದಲ್ಲಿ 138 ಸಿಸಿ. ಗಟ್ಟಿ ಕಂಪ್ರೆಸರ್, ಕಿವಿ ತರ ನಾಲ್ಕು ಬೋಲ್ಟಿನ ಜಾಗ ಇರೋದ್ರಿಂದ ಬ್ರಾಕೆಟ್ ಮಾಡಿಸೋದು ಸುಲಭ. ಮಹೀಂದ್ರದ ಎಂಡಿಐ 3200 ಡೀಸೆಲ್ ಇಂಜಿನ್ನಿನ ಜೀಪು ಇರೋರು ಮೊದಲು ಎಸಿ ಬೊಲೆರೋದ ಬ್ರಾಕೆಟ್ ಪುಲ್ಲಿ ಹುಡುಕಿ, ಇಂಜಿನ್ ಮುಂಭಾಗ ಎರಡಕ್ಕೂ ಹೊಂದುತ್ತಾ ಅಂತ ಪಕ್ಕದಲ್ಲಿಟ್ಟು ಹೋಲಿಸಿ ತಗೊಳ್ಳಿ.

ಬ್ರಾಕೆಟ್ ಮಾಡಿಸೋದೇ ಆದ್ರೆ ಲೇತ್ ಅಂಗಡಿಯವರಿಗೆ 8 ಮಿಲಿಮೀಟರಿಗಿಂತ ತೆಳು ಪ್ಲೇಟ್ ಬೇಡ ಅನ್ನಿ, ಬ್ಲಾಕಿಗೆ ಕನಿಷ್ಠ ಮೂರು ಬೋಲ್ಟು ಹಿಡೀಬೇಕು. ಕಂಪ್ರೆಸರ್ ಕ್ಲಚ್ ಒಂದೊಂದು ಸಲ ಕಚ್ಚಿದಾಗಲೂ ಬ್ರಾಕೆಟಿಗೆ ಒಂದು ಏಟು ಬಿದ್ದ ಹಾಗೆ, ತೆಳು ಬ್ರಾಕೆಟ್ ಮೊದಲು ಬೆಲ್ಟ್ ತಿನ್ನುತ್ತೆ, ಆಮೇಲೆ ತಾನೇ ಬಿರುಕು ಬಿಡುತ್ತೆ. ಪುಲ್ಲಿ ಲೈನು ನೋಡೋಕೆ ಉದ್ದದ ಸ್ಟೀಲ್ ಸ್ಕೇಲು ಕ್ರ್ಯಾಂಕ್ ಪುಲ್ಲಿ ಮುಖಕ್ಕೆ ಒತ್ತಿ ಹಿಡಿದು ಕಂಪ್ರೆಸರ್ ಪುಲ್ಲಿವರೆಗೂ ನೋಡಿ, 1 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ವಾಷರ್ ಹಾಕಿ ಸರಿ ಮಾಡಿ. ಬೆಲ್ಟಿನ ಮಧ್ಯೆ ಹೆಬ್ಬೆರಳಿಂದ ಒತ್ತಿದ್ರೆ ಸುಮಾರು 10 ಮಿಲಿಮೀಟರ್ ಬಗ್ಗಿದ್ರೆ ಸಾಕು.

ಹಳೆ ಕಂಪ್ರೆಸರ್ ತಗೋವಾಗ ಕ್ಲಚ್ ತಟ್ಟೆ ಕೈಲಿ ತಿರುಗಿಸಿ, ಮೆತ್ತಗೆ ಒಂದೇ ಸಮ ತಿರುಗ್ಬೇಕು, ಎರಡೂ ಬಾಯಿಗೆ ಬೆರಳಿಟ್ರೆ ಒಂದ್ರಲ್ಲಿ ಎಳೆತ ಒಂದ್ರಲ್ಲಿ ತಳ್ಳೋದು ಗೊತ್ತಾಗ್ಬೇಕು. ಒಳಗಿನ ಆಯಿಲ್ ಒಂದು ಬಿಳಿ ಬಟ್ಟಲಿಗೆ ಬಗ್ಗಿಸಿ, ಕಪ್ಪಾಗಿದ್ರೆ ಅಥವಾ ಬೆಳ್ಳಿ ಪುಡಿ ತರ ಹೊಳೀತಿದ್ರೆ ಅದನ್ನ ಅಲ್ಲೇ ಬಿಟ್ಟು ಬನ್ನಿ, ಎಷ್ಟು ಕಮ್ಮಿ ರೇಟಿಗೆ ಕೊಟ್ರೂ ಬೇಡ, ಆ ಪುಡಿ ಮುಂದೆ ಇಡೀ ಲೈನು ಹಾಳು ಮಾಡುತ್ತೆ.

ಕಂಡೆನ್ಸರ್, ಫ್ಯಾನು

ಪ್ಯಾರಲಲ್ ಫ್ಲೋ (ಚಪ್ಪಟೆ ಸಣ್ಣ ಟ್ಯೂಬುಗಳು ಸಾಲಾಗಿರೋ) ಕಂಡೆನ್ಸರ್ ತಗೊಳ್ಳಿ, ಹಳೆ ಕಾಲದ ದಪ್ಪ ಟ್ಯೂಬಿಂದು ಬೇಡ, ಕಾರ್ ಎಸಿಗೆ ತುಂಬೋ 134ಎ ಗ್ಯಾಸಿಗೆ ಅದೇ ಜಾಗದಲ್ಲಿ ಪ್ಯಾರಲಲ್ ಫ್ಲೋ ಜಾಸ್ತಿ ಬಿಸಿ ಬಿಡುತ್ತೆ. ರೇಡಿಯೇಟರ್ ಅಗಲ ಎತ್ತರ ಅಳೆದು ಹಿಡಿಸೋ ಅಷ್ಟರಲ್ಲಿ ದೊಡ್ಡದು, ರೇಡಿಯೇಟರಿಂದ ಸುಮಾರು 20 ಮಿಲಿಮೀಟರ್ ಮುಂದೆ. ಪಕ್ಕದ ಸಂದುಗಳಿಗೆ ಫೋಮ್ ಪಟ್ಟಿ ಅಂಟಿಸಿ, ಇಲ್ದಿದ್ರೆ ಗಾಳಿ ಸುಲಭದ ದಾರಿ ನೋಡ್ಕೊಂಡು ಪಕ್ಕದಲ್ಲೇ ನುಸುಳುತ್ತೆ. ಬಿಸಿ ಗ್ಯಾಸ್ ಮೇಲಿನ ಬಾಯಿಂದ ಒಳಗೆ, ದ್ರವ ಕೆಳಗಿನ ಬಾಯಿಂದ ಹೊರಗೆ, ಉಲ್ಟಾ ಮಾಡ್ಬೇಡಿ.

ಫ್ಯಾನ್ ಬಗ್ಗೆ ಫೋರ್ ವೀಲ್ ಓಡಿಸೋರಿಗೆ ವಿಶೇಷವಾಗಿ ಹೇಳ್ಬೇಕು. ಹೈವೇಲಿ ಗಾಳಿ ತಾನಾಗೇ ಬರುತ್ತೆ, ಆದ್ರೆ ಲೋ ಗೇರಲ್ಲಿ ತೋಟದೊಳಗೆ ಜನ ನಡೆಯೋ ಸ್ಪೀಡಲ್ಲಿ ಹೋಗುವಾಗ ಕಂಡೆನ್ಸರ್ ಬದುಕೋದು ಫ್ಯಾನ್ ಮೇಲೆ ಮಾತ್ರ. 12 ಇಂಚಿಗಿಂತ ಚಿಕ್ಕದು ಹಾಕ್ಬೇಡಿ. ಕಂಡೆನ್ಸರ್ ಮುಂದೆ ಹಾಕೋ ಫ್ಯಾನು ಗಾಳಿಯನ್ನ ಇಂಜಿನ್ ಕಡೆ ತಳ್ಳಬೇಕು, ವೈರು ಉಲ್ಟಾ ಕೊಟ್ರೆ ಹೊರಗೆ ಊದುತ್ತೆ, ಎರಡೂ ಫ್ಯಾನು ಜಗಳ ಆಡ್ತವೆ. ಫ್ಯಾನ್ ಓಡ್ತಿರುವಾಗ ಗ್ರಿಲ್ ಮುಂದೆ ಪೇಪರ್ ಹಾಳೆ ಹಿಡೀರಿ, ಹಾಳೆ ಗ್ರಿಲ್ಲಿಗೆ ಅಂಟ್ಕೊಂಡ್ರೆ ಸರಿ.

ಕೂಲಿಂಗ್ ಕಾಯಿಲ್ ಎಲ್ಲಿ

ಜಿಪ್ಸಿ ಡ್ಯಾಶ್‌ಬೋರ್ಡ್ ಒಳಗೆ ಜಾಗ ಇಲ್ಲ. ಡ್ಯಾಶ್ ಕೆಳಗೆ ನೇತಾಡೋ ತರದ ಪೂರ್ತಿ ಯೂನಿಟ್ಟು ಸಿಗುತ್ತೆ, ಕಾಯಿಲ್, ಎಕ್ಸ್‌ಪ್ಯಾನ್ಶನ್ ವಾಲ್ವ್, ಬ್ಲೋವರ್ ಎಲ್ಲಾ ಒಂದೇ ಡಬ್ಬದಲ್ಲಿ. ಎಡಗಡೆ ಕೂರೋರ ಮೊಣಕಾಲು ತಾಗದ ಹಾಗೆ, ಲಿವರ್ ಫೋರ್ ವೀಲಿಗೆ ಹಾಕಿದಾಗ ಕೈ ಹೊಡೀದ ಹಾಗೆ ರಟ್ಟಿನ ಡಬ್ಬ ಅದೇ ಅಳತೆಗೆ ಮಾಡಿ ಒಂದು ದಿನ ಕಟ್ಟಿ ಓಡಾಡಿ, ಆಮೇಲೆ ತೂತು ಕೊರೀರಿ. ಡ್ಯಾಶಿನ ತೆಳು ತಗಡಿಗೆ ಮಾತ್ರ ಸ್ಕ್ರೂ ಹಾಕಿ ಬಿಟ್ರೆ ಕಲ್ಲು ರಸ್ತೆಲಿ ಕಿತ್ತು ಬರುತ್ತೆ, ಫೈರ್‌ವಾಲಿಗೂ ಒಂದು ಪಟ್ಟಿ ಕೊಡಿ.

ನೀರು ಹೋಗೋ ಪೈಪು ಇಳಿಜಾರಾಗಿ ಹೋಗ್ಬೇಕು, ಮಧ್ಯೆ ಎಲ್ಲೂ ಮೇಲೇರ್ಬಾರ್ದು. ಯೂನಿಟ್ಟೂ ಆ ಬಾಯಿ ಕಡೆಗೆ ಸ್ವಲ್ಪ ಬಾಗಿರ್ಲಿ. ಪೈಪಿನ ಹೊರಗಿನ ತುದಿ ಸೈಲೆನ್ಸರ್ ಮೇಲೆ ತೊಟ್ಟಿಕ್ಕದ ಹಾಗೆ ನೋಡಿ.

ಯೂನಿಟ್ಟಿನ ಗಾಳಿ ಬಾಯಿ ಒಂದಕ್ಕೆ ಡಕ್ಟ್ ಪೈಪು ಹಾಕಿ ಮುಂದಿನ ಗಾಜಿನ ಬುಡಕ್ಕೆ ಒಯ್ದಿಡಿ. ಮಲೆನಾಡಲ್ಲಿ ನನಗೆ ಎಸಿ ಜಾಸ್ತಿ ಉಪಯೋಗ ಆಗಿದ್ದು ಬೇಸಿಗೆಲಲ್ಲ, ಜುಲೈ ತಿಂಗಳಲ್ಲಿ. ಎಸಿ ಗಾಳಿಯ ತೇವ ತೆಗೆದುಬಿಡುತ್ತೆ, ಆ ಒಣಗಾಳಿ ಗಾಜಿಗೆ ತಾಗಿದ್ರೆ ಒಳಗಿನ ಮಂಜು ಒಂದೆರಡು ನಿಮಿಷದಲ್ಲಿ ಹೋಗುತ್ತೆ. ಚಾರ್ಮಾಡಿಲಿ ಜಡಿ ಮಳೆಲಿ ಎಡಗೈಲಿ ಬಟ್ಟೆ ಹಿಡ್ಕೊಂಡು ಗಾಜು ಒರೆಸ್ತಾ ಬಲಗೈಲಿ ಸ್ಟೀರಿಂಗ್ ತಿರುಗಿಸಿದೋರಿಗೆ ಇದರ ಬೆಲೆ ಗೊತ್ತು.

ಪೈಪು, ಡ್ರೈಯರ್

ಮೂರು ಸೈಜು: ಕಂಪ್ರೆಸರಿಂದ ಕಂಡೆನ್ಸರಿಗೆ 8 ನಂಬರ್, ಕಂಡೆನ್ಸರಿಂದ ಡ್ರೈಯರ್ ಮೂಲಕ ಕಾಯಿಲಿಗೆ 6 ನಂಬರ್, ಕಾಯಿಲಿಂದ ವಾಪಸ್ ಕಂಪ್ರೆಸರಿಗೆ 10 ನಂಬರ್. ಬ್ಯಾರಿಯರ್ ಹೋಸ್ ಅಂತಲೇ ಕೇಳಿ ತಗೊಳ್ಳಿ, ಹಳೆ ತರದ ರಬ್ಬರ್ ಹೋಸಲ್ಲಿ 134ಎ ಗ್ಯಾಸು ಮೆಲ್ಲಗೆ ಸೋರಿ ಹೋಗುತ್ತೆ. ಗಾಡಿ ಮೇಲೇ ಪೈಪ್ ಇಟ್ಟು ಉದ್ದ, ಫಿಟ್ಟಿಂಗ್ ತಿರುವು ಮಾರ್ಕ್ ಮಾಡಿ ಆಮೇಲೆ ಕ್ರಿಂಪ್ ಮಾಡಿಸಿ. ಓ-ರಿಂಗ್ ಎಲ್ಲಾ 134ಎಗೆ ಅಂತಲೇ ಬರೋದು, ಹಾಕೋ ಮುಂಚೆ ಎಸಿ ಆಯಿಲಲ್ಲಿ ಅದ್ದಿ. ನಟ್ಟು ಬಿಗಿ ಮಾಡುವಾಗ ಎರಡು ಸ್ಪ್ಯಾನರ್, ಒಂದು ಹಿಡ್ಕೊಳ್ಳೋಕೆ ಒಂದು ತಿರುಗಿಸೋಕೆ, ಒಂದೇ ಸ್ಪ್ಯಾನರಲ್ಲಿ ತಿರುಗಿಸಿದ್ರೆ ಅಲ್ಯೂಮಿನಿಯಂ ಪೈಪು ಹಿಂಡಿ ಬಿರುಕು ಬಿಡುತ್ತೆ.

ಇಂಜಿನ್ನಿಗೂ ಬಾಡಿಗೂ ಮಧ್ಯೆ ಹೋಗೋ ಪೈಪಲ್ಲಿ ಸ್ವಲ್ಪ ಸಡಿಲ ಬಿಡಿ. ನಮ್ಮ ಮೊದಲ ಫಿಟ್ಟಿಂಗಲ್ಲಿ 8 ನಂಬರ್ ಪೈಪು ಹಾರ್ನ್ ಬ್ರಾಕೆಟ್ ಅಂಚಿಗೆ ತಾಗಿತ್ತು, ನಿಂತಾಗ ತಾಗ್ತಿರ್ಲಿಲ್ಲ, ಗಾಡಿ ಜಗ್ಗಿದಾಗ ಮಾತ್ರ. ಆರು ತಿಂಗಳಿಗೆ ಅಲ್ಲಿ ಬಳಪದ ಅಗಲಕ್ಕೆ ಒಂದು ಜಾಗ ಎಣ್ಣೆ ಜಿಡ್ಡಾಗಿ ಅದಕ್ಕೆ ಕೆಂಪು ಧೂಳು ಮೆತ್ಕೊಂಡಿತ್ತು, ಕೈ ಇಟ್ರೆ ಅಂಟು ಅಂಟು. ಗ್ಯಾಸಿನ ಜೊತೆ ಆಯಿಲ್ ಓಡಾಡೋದ್ರಿಂದ ಎಲ್ಲಿ ಗ್ಯಾಸ್ ಸೋರುತ್ತೋ ಅಲ್ಲಿ ಈ ತರ ಜಿಡ್ಡು ಧೂಳು ಕೂತೇ ಕೂರುತ್ತೆ. ಪೈಪ್ ಮೇಲೆ ಹಳೆ ಹೋಸ್ ಸೀಳಿ ಸುತ್ತಿ ಕ್ಲಾಂಪ್ ಹಾಕಿದ್ಮೇಲೆ ಆ ಕಾಟ ಇಲ್ಲ.

ಡ್ರೈಯರ್ ಬಾಟಲ್ ಹೊಸದೇ ಬೇಕು, ಅದರೊಳಗಿನ ಕಾಳು ಗಾಳಿಲಿರೋ ತೇವ ಹೀರ್ಕೊಳ್ಳೋಕೆ ಇರೋದು, ಮುಚ್ಚಳ ತೆಗೆದು ಇಟ್ರೆ ಸುಮ್ನೆ ಗಾಳಿಯ ತೇವವನ್ನೇ ಕುಡಿದು ಮುಗಿಸುತ್ತೆ. ಎಲ್ಲಾ ಜೋಡಿಸಿ ಆದ್ಮೇಲೆ, ವ್ಯಾಕ್ಯೂಮ್ ಪಂಪ್ ಕೈಗೆ ಸಿಗೋ ದೂರದಲ್ಲಿರುವಾಗ, ಮುಚ್ಚಳ ಬಿಚ್ಚಿ ಕೂರಿಸಿ.

ವೈರಿಂಗು

ಹಳೆ ಗಾಡಿಯ ಫ್ಯೂಸ್ ಬಾಕ್ಸಿಂದ ಕರೆಂಟು ಕದೀಬೇಡಿ. ಬ್ಯಾಟರಿಯಿಂದ ನೇರ 4 ಸ್ಕ್ವೇರ್ ಮಿಲಿಮೀಟರ್ ವೈರು, ಬ್ಯಾಟರಿ ಹತ್ರವೇ ಫ್ಯೂಸು, ಅಲ್ಲಿಂದ ಮೂರು ರಿಲೇ: ಬ್ಲೋವರಿಗೆ, ಫ್ಯಾನಿಗೆ, ಕ್ಲಚ್ಚಿಗೆ. ಕ್ಲಚ್ ರಿಲೇ ಆನ್ ಆಗೋ ಸಣ್ಣ ಕರೆಂಟು ಹೀಗೆ ಸಾಲಾಗಿ ಹೋಗ್ಲಿ: ಇಗ್ನಿಷನ್, ಬ್ಲೋವರ್ ಸ್ವಿಚ್, ಎಸಿ ಸ್ವಿಚ್, ಥರ್ಮೋಸ್ಟಾಟ್, ಪ್ರೆಶರ್ ಸ್ವಿಚ್. ಬ್ಲೋವರ್ ಆಫ್ ಆದ್ರೆ ಕ್ಲಚ್ ತಾನಾಗೇ ಬಿಡ್ಬೇಕು, ಗಾಳಿ ಇಲ್ದೆ ಕಾಯಿಲ್ ಹೆಪ್ಪುಗಟ್ಟುತ್ತೆ. ಥರ್ಮೋಸ್ಟಾಟ್ ಕಡ್ಡಿ ಕಾಯಿಲ್ ರೆಕ್ಕೆಗಳ ಮಧ್ಯೆ ತೂರಿರ್ಬೇಕು, 2-3 ಡಿಗ್ರಿಗೆ ಬಂದಾಗ ಕಟ್ ಮಾಡೋಕೆ.

ಪ್ರೆಶರ್ ಸ್ವಿಚ್ ಬೇಡ ಸಾರ್ ಅಂತ ಕೆಲವರು ಡೈರೆಕ್ಟ್ ಕೊಡ್ತಾರೆ, ದಯವಿಟ್ಟು ಒಪ್ಕೋಬೇಡಿ. ಗ್ಯಾಸ್ ಖಾಲಿಯಾಗಿ ಪ್ರೆಶರ್ ಸುಮಾರು 2 ಬಾರ್‌ಗಿಂತ (bar) ಕೆಳಗೆ ಬಂದಾಗ, ಅಥವಾ ಫ್ಯಾನ್ ಕೆಟ್ಟು 30 ಬಾರ್ ಹತ್ರ ಹೋದಾಗ ಕಂಪ್ರೆಸರ್ ನಿಲ್ಲಿಸೋದು ಅದೊಂದೇ. ಕ್ಲಚ್ ಕಾಯಿಲಿಗೆ ಅಡ್ಡ ಒಂದು ಡಯೋಡ್ ಹಾಕಿ, ಕ್ಲಚ್ ಬಿಡುವಾಗ ಬರೋ ವೋಲ್ಟೇಜ್ ಏಟು ರಿಲೇಗೂ ಇಸಿಯುಗೂ (ಇಂಜಿನ್ನಿನ ಕಂಪ್ಯೂಟರ್) ತಾಗಲ್ಲ.

ಕಂಪ್ರೆಸರ್ ಕಚ್ಚಿದಾಗ ಇಂಜಿನ್ ಐಡ್ಲಿಂಗ್ ಬೀಳುತ್ತೆ. ಎಂಪಿಎಫ್ಐನಲ್ಲಿ ಇಸಿಯುಗೆ ಎಸಿ ಸಿಗ್ನಲ್ ತಗೊಳ್ಳೋ ಪಿನ್ ಇದೆಯಾ ಅಂತ ನಿಮ್ಮ ಗಾಡಿಯ ವೈರಿಂಗ್ ಡಯಾಗ್ರಾಮಲ್ಲಿ ನೋಡಿ ಅದಕ್ಕೆ ಕೊಡಿ, ಇಲ್ದಿದ್ರೆ ಮತ್ತೆ ಕಾರ್ಬ್ಯುರೇಟರ್ ಗಾಡಿಗೂ, ವ್ಯಾಕ್ಯೂಮಲ್ಲಿ ಕೆಲಸ ಮಾಡೋ ಐಡಲ್-ಅಪ್ ಹಾಕಿಸಿ. ಐಡ್ಲಿಂಗ್ ಸ್ಕ್ರೂ ತಿರುಗಿಸಿ ಯಾವಾಗ್ಲೂ ಮೇಲಿಡೋದು ಸರಿಯಲ್ಲ, ಲೋ ಗೇರಲ್ಲಿ ಇಳಿಜಾರು ಇಳಿಯುವಾಗ ಗಾಡಿ ಮುಂದೆ ತಳ್ಳುತ್ತೆ.

ಲೀಕ್ ಟೆಸ್ಟ್, ವ್ಯಾಕ್ಯೂಮ್, ಗ್ಯಾಸ್

ಇಲ್ಲೇ ನಾನು ಒಂದು ಬೇಸಿಗೆ ಕಳ್ಕೊಂಡಿದ್ದು. ಮೊದಲ ಸಲ ಫಿಟ್ ಮಾಡಿದ ಕಡೆ ಐದೇ ನಿಮಿಷ ಪಂಪ್ ಹಾಕಿ ಗ್ಯಾಸ್ ಬಿಟ್ರು, ಡ್ರೈಯರ್ ಮುಚ್ಚಳ ಇಲ್ದೆ ಬೆಂಚ್ ಮೇಲೆ ಬಿದ್ದಿತ್ತು. ಅಲ್ಲಿ ಐಸ್ ತರ ಗಾಳಿ ಬಂತು. ಊರಿಗೆ ವಾಪಸ್ ಬರುವಾಗ ಇಪ್ಪತ್ತು ನಿಮಿಷಕ್ಕೆ ತಂಪು ನಿಂತುಹೋಯ್ತು, ಗಾಡಿ ನಿಲ್ಲಿಸಿ ಕಾಫಿ ಕುಡಿದು ಬಂದ್ರೆ ಮತ್ತೆ ತಂಪು, ಮತ್ತೆ ಇಪ್ಪತ್ತು ನಿಮಿಷಕ್ಕೆ ಬಂದ್. ಒಳಗೆ ಉಳಿದ ನೀರಿನ ಪಸೆ ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ತೂತಲ್ಲಿ ಐಸಾಗಿ ಮುಚ್ಚುತ್ತೆ, ನಿಲ್ಲಿಸಿದ್ರೆ ಕರಗುತ್ತೆ, ಅದೇ ಈ ಆಟ. ಕೆಟ್ಟದ್ದು ಏನಂದ್ರೆ ಅದೇ ನೀರು ಗ್ಯಾಸು ಆಯಿಲ್ ಜೊತೆ ಸೇರಿ ಆಸಿಡ್ ಆಗಿ ಒಳಗಿಂದ ಲೋಹ ತಿನ್ನೋಕೆ ಶುರು ಮಾಡುತ್ತೆ.

ಸರಿಯಾದ ಕ್ರಮ ಇದು. ಮೊದಲು ಒಣ ನೈಟ್ರೋಜನ್, ರೆಗ್ಯುಲೇಟರ್ ಹಾಕಿ, ಸುಮಾರು 150 ಪಿಎಸ್ಐ ತುಂಬಿ ಪ್ರತಿ ಜಾಯಿಂಟಿಗೂ ಸೋಪ್ ನೀರು ಹಚ್ಚಿ, ಗೇಜು ಒಂದು ಗಂಟೆ ಅಲ್ಲಾಡ್ಬಾರ್ದು. ಟೈರಿಗೆ ಹಾಕೋ ಗಾಳಿ ಬೇಡ, ಅದರ ತುಂಬಾ ತೇವ. ಆಕ್ಸಿಜನ್ ಸಿಲಿಂಡರ್ ಅಂತೂ ಮುಟ್ಟಲೇಬೇಡಿ, ಎಣ್ಣೆ ಜೊತೆ ಸೇರಿದ್ರೆ ಸಿಡಿಯುತ್ತೆ.

ಆಮೇಲೆ ವ್ಯಾಕ್ಯೂಮ್, ಕನಿಷ್ಠ 45 ನಿಮಿಷ. ಪಂಪ್ ಒಳಗಿನ ಒತ್ತಡ ಎಷ್ಟು ಇಳಿಸುತ್ತೆ ಅಂದ್ರೆ ನೀರು ರೂಮಿನ ಬಿಸಿಗೇ ಕುದ್ದು ಆವಿಯಾಗಿ ಹೊರಗೆ ಹೋಗುತ್ತೆ. 25 ಡಿಗ್ರಿಲಿ ಅದಕ್ಕೆ ಒತ್ತಡ ಪಾದರಸದ 1 ಇಂಚಿಗಿಂತ ಕೆಳಗೆ ಬರ್ಬೇಕು. ಇಲ್ಲೊಂದು ಗೊಂದಲ ನಮ್ಮ ಕಡೆ ಯಾವಾಗ್ಲೂ ಆಗುತ್ತೆ: ಗೇಜು ತೋರಿಸೋದು ಹೊರಗಿನ ಗಾಳಿಗಿಂತ ಒಳಗೆ ಒತ್ತಡ ಎಷ್ಟು ಇಂಚು ಕಮ್ಮಿ ಅಂತ, ಪುಸ್ತಕದಲ್ಲಿ ಅದು 29 ಇಂಚು ಬರ್ಬೇಕು ಅಂತಿರುತ್ತೆ, ಮಂಗಳೂರಲ್ಲಿ ಬರುತ್ತೆ, ಆದ್ರೆ ಬೆಂಗಳೂರು 900 ಮೀಟರಿಗಿಂತ ಎತ್ತರ, ಅಲ್ಲಿನ ಗಾಳಿಯ ಒತ್ತಡವೇ ಸುಮಾರು 27 ಇಂಚು, ಮಡಿಕೇರಿಲಿ ಸುಮಾರು 26. ಅದಕ್ಕಿಂತ ಜಾಸ್ತಿ ಗೇಜು ತೋರ್ಸೋಕೆ ಸಾಧ್ಯನೇ ಇಲ್ಲ. ಪಂಪ್ ಕೆಟ್ಟಿದೆ, ಲೀಕ್ ಇದೆ ಅಂತ ಬಿಚ್ಚೋಕೆ ಹೋಗ್ಬೇಡಿ. ಮಳೆಗಾಲದ ಚಳಿಲಿ ಈ ಕೆಲಸ ಮಾಡೋದಾದ್ರೆ ಮೊದಲು ಇಂಜಿನ್ ಓಡಿಸಿ ಬಾನೆಟ್ ಒಳಗೆ ಬಿಸಿ ಮಾಡ್ಕೊಳ್ಳಿ, ತಣ್ಣಗಿದ್ರೆ ಆವಿ ಆಗೋದು ನಿಧಾನ. ಪಂಪ್ ನಿಲ್ಲಿಸಿ ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಡಿ, ಮುಳ್ಳು ವಾಪಸ್ ಬರ್ಬಾರ್ದು.

ಗ್ಯಾಸು 134ಎ ಮಾತ್ರ. ಅಡುಗೆ ಗ್ಯಾಸ್ ತರದ ಮಿಕ್ಸ್ ಹಾಕಿ ಕಮ್ಮಿ ರೇಟಿಗೆ ಮಾಡಿಕೊಡೋರಿದಾರೆ, ಲೀಕ್ ಆದ್ರೆ ನಿಮ್ಮ ಕಾಲ ಹತ್ರ ಉರಿಯೋ ಗ್ಯಾಸ್ ತುಂಬುತ್ತೆ. ಆಯಿಲ್ಲು ಕಂಪ್ರೆಸರ್ ಪ್ಲೇಟಲ್ಲಿ ಬರ್ದಿರೋ ಪಿಎಜಿ ಗ್ರೇಡ್, ಅಲ್ಲಿ ಹೇಳಿದಷ್ಟೇ ಅಳತೆ. ಕನ್ನಡಕ, ಕೈಗವಸು ಹಾಕ್ಕೊಳ್ಳಿ, ಈ ಗ್ಯಾಸು ಮೈನಸ್ 26 ಡಿಗ್ರಿಲಿ ಕುದಿಯೋದು, ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗ್ಬಹುದು. ಗೇಜ್ ಸೆಟ್ಟಲ್ಲಿ ನೀಲಿ ಪೈಪು ಲೋ ಸೈಡಿಗೆ (ಕಂಪ್ರೆಸರಿಗೆ ವಾಪಸ್ ಬರೋ ಕಡೆ), ಕೆಂಪು ಹೈ ಸೈಡಿಗೆ (ಕಂಪ್ರೆಸರಿಂದ ಹೊರಡೋ ಕಡೆ), ಹಳದಿ ಗ್ಯಾಸ್ ಕ್ಯಾನಿಗೆ. ಹಳದಿ ಪೈಪಿನ ಗಾಳಿ ಒಂದು ಸಲ ಹೊರಗೆ ಬಿಟ್ಟು, ಇಂಜಿನ್ ಸುಮಾರು 1500 ಆರ್‌ಪಿಎಂ, ಕಿಟಕಿ ತೆಗೆದು ಬ್ಲೋವರ್ ಫುಲ್, ಕ್ಯಾನ್ ನೆಟ್ಟಗೆ ಹಿಡಿದು ಲೋ ಸೈಡಿಂದ ನಿಧಾನಕ್ಕೆ. ಇಂಜಿನ್ ಓಡ್ತಿರುವಾಗ ಕೆಂಪು ವಾಲ್ವ್ ತೆಗೀಲೇಬೇಡಿ, ಹೈ ಪ್ರೆಶರ್ ಕ್ಯಾನಿಗೆ ನುಗ್ಗಿ ಅದು ಒಡೆಯುತ್ತೆ. ಕ್ಯಾನ್ ತಣ್ಣಗಾಗಿ ಗ್ಯಾಸ್ ಬರ್ದಿದ್ರೆ ಉಗುರುಬೆಚ್ಚಗಿನ ನೀರಲ್ಲಿಡಿ, ಬೆಂಕಿ ತೋರಿಸ್ಬೇಡಿ.

ಎಷ್ಟು ಅಂದ್ರೆ, ಕ್ಯಾನನ್ನ ತಕ್ಕಡಿ ಮೇಲಿಟ್ಟು ತೂಕದ ಲೆಕ್ಕದಲ್ಲೇ ಹಾಕಿ. ನಮ್ಮದಕ್ಕೆ 500 ಗ್ರಾಂ ಹಿಡೀತು. ಇಂಜಿನ್ ಆಫ್ ಇದ್ದಾಗ ಗೇಜ್ ತೋರಿಸಿ "ಪ್ರೆಶರ್ ಇದೆ ಸಾರ್, ಗ್ಯಾಸ್ ಫುಲ್ಲು" ಅಂದ್ರೆ ನಂಬಬೇಡಿ. 30 ಡಿಗ್ರಿಲಿ ಎರಡೂ ಮುಳ್ಳು ಸುಮಾರು 95 ಪಿಎಸ್ಐ ತೋರಿಸ್ತವೆ, ಒಳಗೆ 200 ಗ್ರಾಂ ಇದ್ರೂ ಅಷ್ಟೇ 500 ಇದ್ರೂ ಅಷ್ಟೇ.

ಓಡಿಸಿ ನೋಡೋದು

ಹೊರಗೆ 35 ಡಿಗ್ರಿ ಇರುವಾಗ ಲೋ 30-40, ಹೈ 200-240 ಪಿಎಸ್ಐ ಆಸುಪಾಸು ಬಂದ್ರೆ ಚೆನ್ನಾಗಿದೆ. ಕಿಟಕಿ ಮುಚ್ಚಿ ಹತ್ತು ನಿಮಿಷ ಆದ್ಮೇಲೆ ಗಾಳಿ ಬಾಯಲ್ಲಿ ಥರ್ಮಾಮೀಟರ್ ಇಟ್ರೆ 8ರಿಂದ 12 ಡಿಗ್ರಿ ಬರ್ಬೇಕು. ಎರಡೂ ಮುಳ್ಳು ಮೇಲಿದ್ರೆ ಗ್ಯಾಸ್ ಜಾಸ್ತಿ ಅಥವಾ ಮುಂದೆ ಗಾಳಿ ಕಮ್ಮಿ, ಕಂಡೆನ್ಸರ್ ಮೇಲೆ ಒಂದು ಚೊಂಬು ನೀರು ಹಾಕಿ, ಹೈ ಸೈಡು ಸರ್ರನೆ ಇಳಿದು ತಂಪು ಜಾಸ್ತಿಯಾದ್ರೆ ಮೊದಲು ಫ್ಯಾನ್ ಮತ್ತೆ ಗಾಳಿ ದಾರಿ ನೋಡಿ. ಎರಡೂ ಕೆಳಗಿದ್ರೆ ಗ್ಯಾಸ್ ಕಮ್ಮಿ. ಲೋ ಸೈಡು ಸೊನ್ನೆಗಿಂತ ಕೆಳಗೆ ಎಳೀತಿದ್ರೆ ವಾಲ್ವಲ್ಲಿ ಏನೋ ಕಟ್ಕೊಂಡಿದೆ. ಲೋ ಮೇಲೆ ಹೈ ಕೆಳಗೆ ಅಂದ್ರೆ ಕಂಪ್ರೆಸರ್ ಸವೆದಿದೆ.

ಹಳ್ಳ ದಾಟುವಾಗ ಎಸಿ ಮತ್ತೆ ಕಂಡೆನ್ಸರ್ ಫ್ಯಾನ್ ಆಫ್ ಮಾಡಿ. ತಿರುಗ್ತಿರೋ ಫ್ಯಾನ್ ರೆಕ್ಕೆ ನೀರಿಗೆ ಸಿಕ್ಕಿದ್ರೆ ಬಗ್ಗಿ ಕಂಡೆನ್ಸರನ್ನ ಹೆರೆದುಬಿಡುತ್ತೆ. ಇದಕ್ಕೆ ಫ್ಯಾನಿಗೊಂದು ಬೇರೆ ಸ್ವಿಚ್ ಡ್ಯಾಶಲ್ಲಿ ಇಟ್ಕೊಂಡಿದೀನಿ, ಆದ್ರೆ ಫ್ಯಾನ್ ಆಫ್ ಆದ್ರೆ ಕ್ಲಚ್ಚೂ ಆಫ್ ಆಗೋ ಹಾಗೆ ವೈರ್ ಕೊಟ್ಟಿದೀನಿ. ಕೆಸರಲ್ಲಿ ಓಡಿದ ದಿನ ಸಂಜೆನೇ ಕಂಡೆನ್ಸರ್ ತೊಳೀರಿ, ಸಾದಾ ಪೈಪಿನ ನೀರು, ಆದಷ್ಟು ಹಿಂದಿನಿಂದ ಮುಂದಕ್ಕೆ. ಪ್ರೆಶರ್ ವಾಷರ್ ಹತ್ರ ಹಿಡಿದ್ರೆ ರೆಕ್ಕೆ ಎಲ್ಲಾ ಮಡಚಿಕೊಳ್ಳುತ್ತೆ.

ಚಳಿಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಎಸಿ ಓಡ್ಸಿ, ಕಂಪ್ರೆಸರ್ ಶಾಫ್ಟಿನ ಸೀಲಿಗೆ ಆಯಿಲ್ ತಾಗ್ತಿರ್ಬೇಕು, ಒಣಗಿದ್ರೆ ಅಲ್ಲೇ ಸೋರೋಕೆ ಶುರು. ಆಮೇಲೆ ಒಂದು ಸ್ಟಿಕ್ಕರ್ ಬಾನೆಟ್ ಒಳಗೆ ಅಂಟಿಸಿ: ಗ್ಯಾಸ್ ಯಾವುದು ಎಷ್ಟು ಗ್ರಾಂ, ಆಯಿಲ್ ಗ್ರೇಡು ಎಷ್ಟು ಮಿಲಿ, ಬೆಲ್ಟ್ ನಂಬರ್, ಡ್ರೈಯರ್ ಹಾಕಿದ ತಾರೀಕು, ಕಂಪ್ರೆಸರ್ ಯಾವ ಗಾಡಿದು. ರಾಯಚೂರು ರಸ್ತೆಲಿ ಎಲ್ಲೋ ಕೆಟ್ಟು ನಿಂತಾಗ ಗೊತ್ತಿಲ್ದಿರೋ ಮೆಕ್ಯಾನಿಕ್ ಬಾನೆಟ್ ಎತ್ತಿದ್ರೆ ಅವರಿಗೆ ಮೊದಲು ಬೇಕಾಗೋದು ಈ ಐದು ಸಾಲು.